ನಮ್ಮ ಹುಡುಗ ಆಟ ನಿಲ್ಲಿಸಿದ್ದಾನೆ, ಅಷ್ಟೇ

ನಮ್ಮಣ್ಣನ ಮಗ ಬೆಂಗಳೂರಿನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮ್ ಬಿಟ್ಟು ಮನೆಗೆ ಬಂದಿದ್ದಾನೆ. ಆರೋಗ್ಯದ ಕಾರಣ. ಊಟ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ, ಡಾಕ್ಟರ ಹತ್ತಿರ ಹೋಗಿ ಬರುತ್ತಾನೆ. ಇದನ್ನು ಒಂದೇ ಸಲ ಬರೆದು ಹಾಕಿಬಿಡೋಣ ಅಂತ ಕೂತಿದ್ದೇನೆ, ಯಾಕೆಂದರೆ ಸಂತೆಗೆ ಹೋದರೂ ಅದೇ ಪ್ರಶ್ನೆ, ಮದುವೆಗೆ ಹೋದರೂ ಅದೇ ಪ್ರಶ್ನೆ, ಕುಶಾಲನಗರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಅದೇ ಬೇಕು. ‘ಏನಂತೆ ಹುಡುಗನಿಗೆ?’

ಏನು ಅನ್ನೋದನ್ನು ಇಲ್ಲೂ ಬರೆಯುವುದಿಲ್ಲ. ಅದನ್ನೇ ಹುಡುಕಿಕೊಂಡು ಬಂದವರು ಇಲ್ಲಿಂದಲೇ ವಾಪಸ್ ಹೋಗಬಹುದು, ಬೇಜಾರಿಲ್ಲ.

ಇದು ಕೊಡಗು. ಇಲ್ಲಿ ಆಟದ ಬಗ್ಗೆ ಮಾತಾಡದವರು ಕಡಿಮೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಆಡಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸುವ ಹೊತ್ತಿಗೆ 360 ತಂಡ, ಗಿನ್ನೆಸ್ ದಾಖಲೆ ಬೇರೆ. ನಾವು ಕೊಡವರಲ್ಲ, ಆದರೂ ಆ ತಿಂಗಳು ನಮ್ಮ ಮನೆಯಲ್ಲೂ ಅದೇ ಮಾತು. ಸೋಮವಾರಪೇಟೆ ಎರಡು ಒಲಿಂಪಿಕ್ಸ್‌ನಲ್ಲಿ ಹಾಕಿ ಆಡಿದ ಎಸ್.ವಿ. ಸುನಿಲ್ ಅವರ ಊರು. ಮಾದಾಪುರದ ಕಡೆ ಹೋದರೆ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಮನೆಯವರ ಕಾಫಿ ತೋಟ. ಕೂಡಿಗೆಯಲ್ಲಿ ಕ್ರೀಡಾ ಶಾಲೆ, ಮಡಿಕೇರಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯಿ) ಸೆಂಟರ್. ಹೀಗಿರುವಾಗ ಆಟಕ್ಕೆ ಸೆಲೆಕ್ಟ್ ಆದ ಹುಡುಗ ಇಡೀ ಊರಿನ ಹುಡುಗ. ಹೋಗುವಾಗ ಅದು ಚೆನ್ನಾಗಿಯೇ ಇರುತ್ತದೆ. ಬಿಟ್ಟು ಬಂದ ಮೇಲೂ ಊರಿಗೆ ಲೆಕ್ಕ ಒಪ್ಪಿಸಬೇಕು ಅನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಅವನೂ ಮೊದಲು ಹಿಡಿದಿದ್ದು ಹಾಕಿ ಸ್ಟಿಕ್ಕನ್ನೇ. ಆದರೆ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಮ್ಮ ಹಳೇ ಮನೆಯ ಬಾಗಿಲುಗಳಲ್ಲೆಲ್ಲ ತಲೆ ತಗ್ಗಿಸಿ ಓಡಾಡುತ್ತಿದ್ದ, ಅಷ್ಟು ಎತ್ತರ. ‘ಬಗ್ಗಿ ಆಡೋ ಆಟ ನಿನಗಲ್ಲ ಕಣೋ’ ಅಂತ ಪಿ.ಟಿ. ಸರ್ ಕೈಗೆ ಬ್ಯಾಸ್ಕೆಟ್‌ಬಾಲ್ ಕೊಟ್ಟರು. ಅಲ್ಲಿಂದ ಬೇರೆ ಧ್ಯಾನವೇ ಇಲ್ಲ.

ಮನೆಯಲ್ಲಿ ಆಡೋಕೆ ಗಟ್ಟಿ ನೆಲ ಅಂತ ಇರೋದು ಒಂದೇ, ಕಾಫಿ ಒಣಗಿಸುವ ಕಣ. ಅದರ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿಕೊಂಡು ಫಲ ಕೊಡುವ ಮೆಣಸಿನ ಬಳ್ಳಿ. ನಮ್ಮಣ್ಣ ಉದುರಿದ ಒಂದು ಮೆಣಸಿನ ಕಾಳನ್ನೂ ಬಗ್ಗಿ ಆರಿಸುವ ಮನುಷ್ಯ. ಅಂಥವನು ಆ ಬಳ್ಳಿಯನ್ನು ತಾನೇ ಬಿಡಿಸಿ ತೆಗೆದು, ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರಿಂಗ್ ಮಾಡಿಸಿ, ಟೇಪು ಹಿಡಿದು ನೆಲದಿಂದ ಸರಿಯಾಗಿ 3.05 ಮೀಟರಿಗೆ ಹೊಡೆಸಿದ. ಹತ್ತು ಅಡಿ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎದಲ್ಲೂ ಅಷ್ಟೇ, ನಮ್ಮ ಕಣದಲ್ಲೂ ಅಷ್ಟೇ. ಮರ ಬೆಳೆದ ಹಾಗೆ ರಿಂಗೂ ಮೇಲೆ ಹೋಗುತ್ತೆ, ಎರಡು ವರ್ಷದಲ್ಲಿ ಕೈಗೆ ಸಿಗಲ್ಲ ಅಂತ ಅಮ್ಮನ ಚಿಂತೆ. ‘ಅಜ್ಜಿ, ಮರ ಬೆಳೆಯೋದು ತುದಿಯಲ್ಲಿ, ರಿಂಗ್ ಇದ್ದಲ್ಲೇ ಇರುತ್ತೆ’ ಅಂತ ಅವನು. ಪ್ರತಿ ವರ್ಷ ಅಳೆದು ತೋರಿಸಿದರೂ ಅಮ್ಮ ನಂಬಿಲ್ಲ, ಟೇಪೇ ಸರಿಯಿಲ್ಲ ಅನ್ನುತ್ತಾರೆ.

ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ. ಆಗ ಅವನಿಗೆ ಮೂಲೆಯಲ್ಲಿ ಚೂರು ಜಾಗ, ಅಲ್ಲೇ ನಿಂತು ಫ್ರೀ ಥ್ರೋ. ಬಾಲ್ ಉರುಳಿ ಸಿಪ್ಪೆ ಬಿಡಿಸಿದ ಕಾಫಿ ಬೀಜದ (ಪಾರ್ಚ್‌ಮೆಂಟ್) ಮೇಲೆ ಹೋದರೆ ಅತ್ತಿಗೆಯ ಕೂಗು ರಸ್ತೆಯವರೆಗೆ. ಜೂನ್ ಆದಮೇಲೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ, ತೆಂಗಿನ ಕಡ್ಡಿ ಪೊರಕೆಯಲ್ಲಿ ತಿಕ್ಕಿ, ಮಳೆ ಬಿಟ್ಟ ಹತ್ತು ನಿಮಿಷಕ್ಕೆ ಕಾದು ಆಡುತ್ತಿದ್ದ. ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಿದ್ದವರಿಗೆ ಆ ಹತ್ತು ನಿಮಿಷ ಎಷ್ಟು ಅಪರೂಪ ಅಂತಲೂ ಗೊತ್ತು. ಅಮೆರಿಕದಲ್ಲಿ ರಾತ್ರಿ ನಡೆಯುವ ಮ್ಯಾಚುಗಳು ನಮಗೆ ಬೆಳಗಿನ ಕಾಫಿ ಹೊತ್ತಿಗೆ ಲೈವ್ ಬರುತ್ತವಲ್ಲ, ನನ್ನನ್ನೂ ಎಬ್ಬಿಸಿ ಕೂರಿಸುತ್ತಿದ್ದ. ಬ್ಯಾಸ್ಕೆಟ್‌ಬಾಲ್ ಬಗ್ಗೆ ನನಗೆ ಏನಾದರೂ ಗೊತ್ತಿದ್ದರೆ ಅದು ಇವನ ದೆಸೆಯಿಂದ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ‘ಹುಡುಗನಿಗೆ ಶ್ರದ್ಧೆ ಇರಲಿಲ್ಲವೇನೋ’ ಅಂದವರೂ ಇದ್ದಾರೆ. ಬನ್ನಿ, ಕಣ ತೋರಿಸುತ್ತೇನೆ.

ಪಿಯು ಸ್ಟೇಟ್ ಮೀಟ್‌ನಲ್ಲಿ ಆಡಿದ್ದನ್ನು ನೋಡಿ ಬೆಂಗಳೂರಿನ ಕಾಲೇಜೊಂದರಿಂದ ಫೋನ್ ಬಂತು. ಟ್ರಯಲ್ಸ್ ಆಯಿತು, ಸೆಲೆಕ್ಟ್ ಆದ. ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು, ಫೀಸಿಲ್ಲ, ಹಾಸ್ಟೆಲ್ಲು ಊಟ ಫ್ರೀ, ಶೂ ಕಿಟ್ಟು ಎಲ್ಲ ಅವರದ್ದೇ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿದರು. ಹುಡುಗನ ಫೋಟೋ ಒಂದು, ಅದರ ಸುತ್ತ ಶುಭ ಕೋರುವವರ ಫೋಟೋ ಅವನದ್ದಕ್ಕಿಂತ ದೊಡ್ಡದು. ಆವತ್ತು ನಮಗೂ ಖುಷಿಯೇ, ಸುಳ್ಳು ಯಾಕೆ ಹೇಳಲಿ.

ಅಲ್ಲಿ ಹೋದ ಮೇಲೆ ಬೆಳಿಗ್ಗೆ ಕತ್ತಲಿರುವಾಗಲೇ ಪ್ರಾಕ್ಟೀಸು, ಮಧ್ಯೆ ಕ್ಲಾಸು, ಸಂಜೆ ಮತ್ತೆ ಪ್ರಾಕ್ಟೀಸು. ಊರಲ್ಲಿ ಎಲ್ಲರಿಗಿಂತ ಎತ್ತರ ಇದ್ದವನು ಅಲ್ಲಿ ರಿಂಗಿನ ಹತ್ತಿರ ನಿಂತು ಆಡುವ ಎತ್ತರದ ಹುಡುಗರಲ್ಲಿ (ಪೋಸ್ಟ್ ಪ್ಲೇಯರ್) ಮೂರನೆಯವನು. ಅದೆಲ್ಲ ಇರೋದೇ, ಅದಕ್ಕೆ ಅವನು ಬಿಟ್ಟಿದ್ದಲ್ಲ. ಆಮೇಲೆ ಮೈಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದೆ, ಡಾಕ್ಟರಿಗೆ ತೋರಿಸಿದ್ದಾನೆ, ಅವರು ನೋಡಿ ಹೇಳಿದ್ದಾರೆ. ಒಂದು ರಾತ್ರಿ ನನಗೆ ಫೋನ್ ಮಾಡಿ, ‘ಅತ್ತೆ, ನಾನು ಸದ್ಯಕ್ಕೆ ಆಡಲ್ಲ. ಅಪ್ಪನಿಗೆ ನೀವೇ ಹೇಳ್ತೀರಾ’ ಅಂದ. ಅಣ್ಣನಿಗೆ ಹೇಳಿದೆ. ಅಣ್ಣ ತುಂಬ ಹೊತ್ತು ಏನೂ ಮಾತಾಡದೆ, ಕೊನೆಗೆ ‘ಬೆಳಿಗ್ಗೆ ಹೊರಡೋಣ’ ಅಂದ. ಕೋಚ್ ಕೂಡ ಒಳ್ಳೆಯ ಮನುಷ್ಯ. ‘ಮೊದಲು ಹುಷಾರಾಗಲಿ ಸರ್, ಆಟ ಎಲ್ಲೂ ಹೋಗಲ್ಲ’ ಅಂತ ಬ್ಯಾಗ್ ಎತ್ತಿ ಕಾರಿಗೆ ಇಟ್ಟರಂತೆ.

ತಕರಾರು ಶುರುವಾಗಿದ್ದು ಆಫೀಸಿನಲ್ಲಿ. ಕಾಲೇಜಿನ ಹೆಸರು ಬೇಡ, ಬೇರೆ ಕಡೆಯೂ ಇದೇ ಕಥೆ ಅಂತ ಆಮೇಲೆ ಗೊತ್ತಾಯಿತು. ಆಡಲ್ಲ ಅಂದರೆ ಕೋಟಾ ಇಲ್ಲ, ಕೋಟಾ ಇಲ್ಲ ಅಂದರೆ ವರ್ಷದ ಪೂರ್ತಿ ಫೀಸು ಕಟ್ಟಿ, ಹಾಸ್ಟೆಲ್ ಖಾಲಿ ಮಾಡಿ. ಬೇರೆ ಕಡೆ ಸೇರೋಣ ಅಂದರೆ ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಅವರ ಬೀರುವಿನಲ್ಲಿ. ಫೀಸು ಕಟ್ಟಿ ತಗೊಂಡು ಹೋಗಿ ಅನ್ನುವ ಧಾಟಿ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಕೌಂಟರಿನಲ್ಲಿ ಕೂತವರು ಅದನ್ನು ಪಕ್ಕದವರಿಗೂ ಓದೋಕೆ ಕೊಟ್ಟರಂತೆ. ನನಗೆ ಫೀಸಿಗಿಂತ ಅದೇ ಜಾಸ್ತಿ ಉರಿಯಿತು.

ಮಾರ್ಕ್ಸ್ ಕಾರ್ಡಿನ ವಿಷಯ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿ. ಕಾಲೇಜುಗಳು ವಿದ್ಯಾರ್ಥಿಗಳ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಅಡ್ಮಿಷನ್ ದಿನ ಒರಿಜಿನಲ್ ನೋಡಿ ತಾಳೆ ಮಾಡಿ ವಾಪಸ್ ಕೊಡಬೇಕು, ನಾವು ಸಹಿ ಹಾಕಿದ ಜೆರಾಕ್ಸ್ ಇಟ್ಟುಕೊಳ್ಳಬೇಕು. ಅದೇ ಅಧಿಸೂಚನೆಯಲ್ಲಿ ಬಿಟ್ಟು ಹೋಗುವವರಿಗೆ ಫೀಸು ವಾಪಸ್ ಕೊಡುವ ಲೆಕ್ಕವೂ ಇದೆ. ಅಣ್ಣ ಅದನ್ನು ಪ್ರಿಂಟ್ ತೆಗೆಸಿ, ಜೊತೆಗೊಂದು ಅರ್ಜಿ ಬರೆದು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದ. ಆಮೇಲೆ ಮಾರ್ಕ್ಸ್ ಕಾರ್ಡ್ ಬಂತು. ಫೀಸಿನ ಮಾತು ಇನ್ನೂ ನಡೆಯುತ್ತಿದೆ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೂ ಹೀಗೆ ನಡುವೆ ನಿಲ್ಲಿಸುವವರು ಇರುತ್ತಾರೆ. ಹೊಸದಾಗಿ ಸೇರಿದ ಹದಿನೆಂಟರ ಹುಡುಗ, ದೊಡ್ಡ ಹೆಸರು, ಸೀಸನ್ ಶುರುವಾಗುವ ಮುಂಚೆ ಟೀಮಿನಿಂದ ಎರಡು ಸಾಲಿನ ಹೇಳಿಕೆ: ವೈಯಕ್ತಿಕ ಆರೋಗ್ಯದ ಕಾರಣಕ್ಕೆ ಸದ್ಯ ದೂರ ಇರುತ್ತಾನೆ, ನಾವು ಅವನ ಜೊತೆಗಿದ್ದೇವೆ, ಮನೆಯವರನ್ನು ಅವರ ಪಾಡಿಗೆ ಬಿಡಿ. ಮುಗಿಯಿತು. ಕೋಚನ್ನು ಪತ್ರಕರ್ತರು ಎಷ್ಟು ಕೆದಕಿದರೂ ಅದಕ್ಕಿಂತ ಜಾಸ್ತಿ ಬರುವುದು ಕಡಿಮೆ. ವಿದ್ಯಾರ್ಥಿಯ ದಾಖಲೆಯನ್ನು ಅವನ ಒಪ್ಪಿಗೆ ಇಲ್ಲದೆ ಕಾಲೇಜು ಹೊರಗೆ ಬಿಡಬಾರದು ಅಂತ ಅಲ್ಲಿ 1974ರಿಂದಲೇ ಕಾನೂನಿದೆ. ಅಲ್ಲಿಯ ಐದು ದೊಡ್ಡ ಕಾಲೇಜು ಲೀಗ್‌ಗಳು 2015ರ ಜನವರಿಯಲ್ಲಿ ಇನ್ನೊಂದು ನಿಯಮ ಮಾಡಿಕೊಂಡವು: ಆಟ ಚೆನ್ನಾಗಿಲ್ಲ, ಗಾಯ ಆಗಿದೆ ಅಂತ ಆಟಗಾರನ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವ ಹಾಗಿಲ್ಲ. ಆರೋಗ್ಯದ ಕಾರಣಕ್ಕೆ ಇನ್ನು ಆಡಲೇ ಆಗದು ಅಂತಾದವನು ಸ್ಕಾಲರ್‌ಶಿಪ್ಪಿನಲ್ಲೇ ಓದು ಮುಗಿಸುವ ದಾರಿಯೂ ಇದೆ. ಅಲ್ಲಿ ಎಲ್ಲ ಚಂದ ಅಂತ ನಾನು ಹೇಳುತ್ತಿಲ್ಲ, ದುಡ್ಡಿನ ಆಟ ಅಲ್ಲಿಯಷ್ಟು ಎಲ್ಲೂ ಇಲ್ಲ. ಆದರೆ ಓದು ಬೇರೆ, ಆಟ ಬೇರೆ ಅಂತ ಒಂದು ಗೆರೆಯಾದರೂ ಇದೆಯಲ್ಲ.

ನಿಲ್ಲಿಸದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲೇ ಒಂದು ಕಥೆ ಇದೆ. ಹ್ಯಾಂಕ್ ಗೇದರ್ಸ್ ಅಂತ ಒಬ್ಬ. ಲಾಸ್ ಏಂಜಲೀಸ್‌ನ ಲೊಯೋಲಾ ಮೇರಿಮೌಂಟ್ ಕಾಲೇಜಿನ ಹುಡುಗ, ಆ ಕಾಲದ ದೊಡ್ಡ ಸ್ಕೋರರ್. 1989ರ ಡಿಸೆಂಬರ್‌ನಲ್ಲಿ ಮ್ಯಾಚ್ ಮಧ್ಯೆಯೇ ಬಿದ್ದ. ಹೃದಯ ಬಡಿತದಲ್ಲಿ ತೊಂದರೆ ಅಂತ ಗೊತ್ತಾಗಿ ಮಾತ್ರೆ ಕೊಟ್ಟರು. ಮಾತ್ರೆ ತಗೊಂಡರೆ ಆಟ ಮಂಕಾಗುತ್ತದೆ ಅಂತ ಡೋಸ್ ಕಡಿಮೆ ಆಯಿತು. ಮತ್ತೆ ಆಡಿದ. 1990ರ ಮಾರ್ಚ್ 4ರಂದು ಕೋರ್ಟಿನಲ್ಲೇ ಮತ್ತೆ ಬಿದ್ದ, ಏಳಲಿಲ್ಲ. 23 ವರ್ಷ. ಇದನ್ನು ನನಗೆ ಹೇಳಿದ್ದು ನಮ್ಮ ಹುಡುಗನೇ, ಎರಡು ಮೂರು ವರ್ಷದ ಹಿಂದೆ, ಯಾವುದೋ ವಿಡಿಯೋ ನೋಡಿ.

ಇನ್ನೊಂದು ಕಥೆ ಹೊಸದು. ಎನ್‌ಬಿಎದ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್ ಮಗ ಬ್ರಾನಿ ಕಾಲೇಜು ಟೀಮಿಗೆ ಸೇರಿದ ಹೊಸತರಲ್ಲಿ, 2023ರ ಜುಲೈ 24ರಂದು, ಪ್ರಾಕ್ಟೀಸ್ ಮಾಡುವಾಗ ಹೃದಯ ನಿಂತೇ ಹೋಯಿತು. ಉಳಿಸಿದರು. ಹುಟ್ಟಿನಿಂದ ಬಂದ ದೋಷ ಅಂತ ಆಗಸ್ಟ್‌ನಲ್ಲಿ ಮನೆಯವರೇ ಹೇಳಿಕೊಂಡರು. ಚಿಕಿತ್ಸೆ ಆಗಿ, ಡಿಸೆಂಬರ್‌ನಲ್ಲಿ ಮತ್ತೆ ಕೋರ್ಟಿಗೆ ಬಂದ. ಕೆವಿನ್ ಲವ್ ಅಂತ ದೊಡ್ಡ ಆಟಗಾರ, 2017ರ ನವೆಂಬರ್ 5ರಂದು ಮ್ಯಾಚ್ ನಡೆಯುತ್ತಿರುವಾಗಲೇ ಪ್ಯಾನಿಕ್ ಅಟ್ಯಾಕ್ ಆಗಿ ಒಳಗೆ ಓಡಿದ. ಏನಾಗಿತ್ತು ಅಂತ ಜನಕ್ಕೆ ಹೇಳಿದ್ದು ಮುಂದಿನ ಮಾರ್ಚ್‌ನಲ್ಲಿ, ತಾನೇ ಬರೆದು, ತನಗೆ ಹೇಳಬೇಕು ಅನ್ನಿಸಿದಾಗ. ಅಲ್ಲಿಯವರೆಗೆ ಅದು ಅವನ ಹತ್ತಿರವೇ ಇತ್ತು.

ಇದರಲ್ಲಿ ಹೃದಯ ಇದೆ, ಮನಸ್ಸಿದೆ. ಬೋಪಣ್ಣ ವಿಷಯ ಬಂದರೆ ಮಂಡಿಯೂ ಬರುತ್ತದೆ. ಬೇಕಂತಲೇ ಎಲ್ಲ ಹಾಕಿದ್ದೇನೆ. ಕೂಡಿ ಕಳೆದು ನಮ್ಮ ಹುಡುಗನದ್ದು ಯಾವುದು ಅಂತ ಲೆಕ್ಕ ಹಾಕೋಕೆ ಹೋಗಬೇಡಿ.

ಬೋಪಣ್ಣ ಮಾತು ಯಾಕೆ ಬಂತು ಅಂದರೆ, ನಮ್ಮ ಕಡೆ ಈಗ ಯಾವ ಹುಡುಗ ನೋವು ಅಂದರೂ ಅವರ ಹೆಸರು ಎತ್ತುತ್ತಾರೆ. ‘ಅವರ ಮಂಡಿಯಲ್ಲಿ ಕಾರ್ಟಿಲೇಜೇ ಇಲ್ವಂತೆ, 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಗೆದ್ರು, ಇವನಿಗೆ ಹದಿನೆಂಟಕ್ಕೇ ಸುಸ್ತಾ?’ ಒಬ್ಬ ಹಿರಿಯರು ನಮ್ಮ ಮನೆ ಜಗಲಿಯಲ್ಲೇ ಕೂತು, ನಮ್ಮನೆ ಕಾಫಿ ಕುಡಿಯುತ್ತಾ ಇದನ್ನು ಅಂದರು, ಹುಡುಗ ಒಳಗೆ ಕೇಳಿಸಿಕೊಳ್ಳುತ್ತಿದ್ದ. ಅವರು ಹೇಳಿದ್ದು ನಿಜವೇ. 2024ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಗೆದ್ದರು, ಮಂಡಿ ನೋವಿಗೆ ಅಯ್ಯಂಗಾರ್ ಯೋಗ ಹಿಡಿದರು, ಎಲ್ಲ ನಿಜ. ಆದರೆ ಅದು ಅವರ ಮಂಡಿ, ಅವರ ತೀರ್ಮಾನ, ಎರಡು ದಶಕ ಪ್ರೊಫೆಷನಲ್ ಆಗಿ ಆಡಿದವರು ತಮ್ಮ ಮೈಯನ್ನು ತಾವೇ ಅರಿತು, ಕೈಗೊಬ್ಬ ಫಿಸಿಯೋ ಇಟ್ಟುಕೊಂಡು ಮಾಡಿದ್ದು. ಹಾಸ್ಟೆಲ್ ಅನ್ನ ಸಾರು ತಿಂದು ದಿನಕ್ಕೆರಡು ಸಲ ಓಡುವ ಮೊದಲ ವರ್ಷದ ಹುಡುಗನ ತಲೆಗೆ ಅದನ್ನು ಕುಟ್ಟಿದರೆ ಹೇಗೆ? ಬೋಪಣ್ಣ ಅವರನ್ನೇ ಕೇಳಿದರೂ ಹಾಗೆ ಹೇಳಲಿಕ್ಕಿಲ್ಲ ಅನ್ನಿಸುತ್ತದೆ ನನಗೆ.

ಉಳಿದವರದ್ದು ಬೇರೆ ಬೇರೆ. ದೃಷ್ಟಿ ತೆಗೆಸಿ ಅಂದವರಿಗೆ ನಾನು ಏನೂ ಅನ್ನುವುದಿಲ್ಲ, ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಯೂ ಆಗಿದೆ, ಮನೆಯೆಲ್ಲ ಘಾಟು. ‘ಲವ್ವಾ?’ ಅಂತ ಕಣ್ಣು ಹೊಡೆದವರು ಇದ್ದಾರೆ. ದನಿ ತಗ್ಗಿಸಿ ‘ಡ್ರಗ್ಸ್ ಏನೂ ಅಲ್ವಲ್ಲಾ’ ಅಂದವರು ಇದ್ದಾರೆ. ಇವರ ಮೇಲೆ ಸಿಟ್ಟಿದೆ. ಒಂದು ಸುಳ್ಳು ಹುಟ್ಟೋಕೆ ಅಷ್ಟು ಸಾಕು, ಆಮೇಲೆ ಅದು ಅವನ ಮದುವೆ ಮಾತುಕತೆಯವರೆಗೂ ಬೆನ್ನು ಹತ್ತುತ್ತದೆ. ಅಮ್ಮನ ಉಪಾಯ ಚೆನ್ನಾಗಿದೆ. ಯಾರು ಏನು ಕೇಳಿದರೂ ‘ನಿಮ್ಮ ಕಾಫಿಗೆ ಈ ಸಲ ಬೋರರ್ ಎಷ್ಟು ಹತ್ತಿದೆ?’ ಅಂತ ಕೇಳುತ್ತಾರೆ. ಬೋರರ್ ಹುಳದ ಮಾತು ತೆಗೆದರೆ ನಮ್ಮ ಕಡೆ ಯಾರೂ ಬೇರೆ ವಿಷಯಕ್ಕೆ ವಾಪಸ್ ಬರುವುದಿಲ್ಲ.

ಸರಿ, ಒಂದು ಉಪಯೋಗದ ಮಾತು, ಇದು ನಮ್ಮ ಹುಡುಗನ ಬಗ್ಗೆ ಅಲ್ಲ. ಹಾಸ್ಟೆಲಿನಲ್ಲಿರುವ ಮಕ್ಕಳು ಮನಸ್ಸಿಗೆ ತೀರಾ ಭಾರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಬಹುದು. ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಿಸಿಕೊಳ್ಳುವ ಹಕ್ಕೂ ರೋಗಿಗೆ ಇದೆ. ಮೈಗೆ ಸಂಬಂಧಿಸಿದ್ದಾದರೆ ಓಡುವಾಗ ಎದೆ ನೋವು, ತಲೆ ಸುತ್ತಿ ಬೀಳುವುದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದ ಹಾಗೆ ಹೋಗಿದ್ದು, ಇಂಥದ್ದಿದ್ದರೆ ಪ್ರಾಕ್ಟೀಸ್ ಮುಗಿಯಲಿ ಅಂತ ಕಾಯಬೇಡಿ. ಇಟಲಿಯಲ್ಲಿ ಸ್ಪರ್ಧೆಗೆ ಆಡುವವರಿಗೆಲ್ಲ ಇಸಿಜಿ ಸಮೇತ ತಪಾಸಣೆ 1982ರಿಂದ ಕಡ್ಡಾಯ. ನಮ್ಮ ಹುಡುಗನ ಟ್ರಯಲ್ಸ್ ದಿನ ಎತ್ತರ ಅಳೆದರು, ಜಂಪ್ ಅಳೆದರು, ಓಡಿಸಿ ಟೈಮ್ ನೋಡಿದರು. ಬಿಪಿ ಕೂಡ ನೋಡಲಿಲ್ಲ.

ಅವನು ಮತ್ತೆ ಆಡುತ್ತಾನಾ? ಗೊತ್ತಿಲ್ಲ. ಯೂನಿವರ್ಸಿಟಿ ಮ್ಯಾಚುಗಳನ್ನು 25 ವರ್ಷದವರೆಗೆ ಆಡಬಹುದು, ಅವನಿಗಿನ್ನೂ ಹದಿನೆಂಟು. ಅವಸರ ಯಾರಿಗೂ ಇಲ್ಲ, ಫ್ಲೆಕ್ಸ್ ಹಾಕಿದವರಿಗೆ ಬಿಟ್ಟರೆ. ಆಡದೇ ಇದ್ದರೂ ಬಿಕಾಂ ಮುಗಿಸುತ್ತಾನೆ, ಹತ್ತಿರದ ಕಾಲೇಜಿನಲ್ಲಿ ಸೀಟು ಕೇಳಿದ್ದೇವೆ.

ಕಳೆದ ವಾರ ಶನಿವಾರಸಂತೆ ಕಡೆಯಿಂದ ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ವಾಲಿಬಾಲ್. ಅವಳಿಗೂ ಹೀಗೇ ಒಂದು ಕಾಲೇಜಿನಿಂದ ಕರೆ ಬಂದಿದೆ, ನಿಮಗೆ ಅನುಭವ ಇದೆಯಲ್ಲ, ಹೇಗೆ ಅಂತ ಕೇಳೋಣ ಅಂತ ಬಂದೆವು ಅಂದರು. ನಾನು ಬಾಯಿ ತೆಗೆಯುವ ಮುಂಚೆ ನಮ್ಮ ಹುಡುಗನೇ ಒಳಗಿಂದ ಬಂದು ಕೂತ. ಮನೆಗೆ ಬಂದ ಮೇಲೆ ಹೊರಗಿನವರ ಎದುರಿಗೆ ಅವನು ಅಷ್ಟು ಮಾತಾಡಿದ್ದು ಅವತ್ತೇ. ‘ಆಂಟಿ, ಶೂ ಕೊಡ್ತಾರಾ, ಊಟ ಹೇಗಿದೆ, ಅದೆಲ್ಲ ಆಮೇಲೆ ಕೇಳಿ. ಇವಳಿಗೆ ಹುಷಾರಿಲ್ಲದೆ ಒಂದು ವರ್ಷ ಆಡೋಕೆ ಆಗದಿದ್ರೆ ಫೀಸು ಯಾರು ಕಟ್ಟಬೇಕು ಅಂತ ಮೊದಲು ಕೇಳಿ. ಹಾಸ್ಟೆಲಿನಲ್ಲಿ ಇರಬಹುದಾ ಅಂತ ಕೇಳಿ. ಡಾಕ್ಟರ್ ಬೇಡ ಅಂದ್ರೆ ಕೋಚ್ ಮಾತು ನಡೆಯುತ್ತಾ, ಡಾಕ್ಟರ್ ಮಾತು ನಡೆಯುತ್ತಾ ಕೇಳಿ. ಬಾಯಲ್ಲಿ ಹೇಳಿದ್ದು ಬೇಡ, ಬರೆದು ಕೊಡಲಿ.’ ಹುಡುಗಿಯ ಅಪ್ಪ ಮೊಬೈಲಿನಲ್ಲಿ ಟೈಪ್ ಮಾಡಿಕೊಂಡರು. ಹಾಗೆಲ್ಲ ಕೇಳಿದರೆ ಸೀಟೇ ಕೊಡದೇ ಹೋದರೆ ಅಂತ ಹುಡುಗಿಯ ಅಮ್ಮನಿಗೆ ಭಯ. ‘ಕೊಡದಿದ್ರೆ ಈಗಲೇ ಗೊತ್ತಾಯ್ತಲ್ಲ ಆಂಟಿ’ ಅಂದ.

ನಿನ್ನೆ ಅವರು ಫೋನ್ ಮಾಡಿದ್ದರು. ಕಾಲೇಜಿನವರು ಇಲ್ಲಿಯವರೆಗೆ ಯಾರೂ ಇಂಥದ್ದು ಕೇಳಿಲ್ಲ ಅಂದರಂತೆ, ಬರೆದು ಕೊಡೋಕೆ ಮ್ಯಾನೇಜ್‌ಮೆಂಟನ್ನು ಕೇಳಬೇಕು, ಟೈಮ್ ಕೊಡಿ ಅಂದರಂತೆ. ಒರಿಜಿನಲ್ ಮಾರ್ಕ್ಸ್ ಕಾರ್ಡು ಸದ್ಯಕ್ಕೆ ಅವರ ಮನೆಯಲ್ಲೇ ಇದೆ.